ಜೀಪಿನ ಎಣ್ಣೆ, ಹಳ್ಳದ ನೀರು

ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ ಕೊನೆಗೆ ನಿಂತಿತು. ಭದ್ರೆಯ ನೀರು ಕೆಡಬಾರದೆಂದು ದನಿ ಎತ್ತಿದ ಮಲೆನಾಡಿಗರಾದ ನಾವು, ನಮ್ಮ ಜೀಪಿನಿಂದ ಇಳಿಸಿದ ಕರಿ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಕೇಳಿಕೊಂಡದ್ದು ಕಡಿಮೆ.

ಘಟ್ಟದ ರಸ್ತೆಗಳಿಗೆ ಹಳೆಯ ಡೀಸೆಲ್ ಜೀಪು ಇಂದಿಗೂ ಬೇಕು. ಅದನ್ನು ಬಿಡಿರೆನ್ನುವುದು ಸಲ್ಲದು, ಸರಿಯಾಗಿಟ್ಟುಕೊಳ್ಳಿರೆನ್ನಬೇಕು. ನಿಂತಲ್ಲಿ ಎಂಜಿನ್ ನಡುಗಿದರೆ, ಆಗಾಗ ಆರಿಹೋದರೆ, ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಏರಿಸುವುದು ನಮ್ಮ ರೂಢಿ. ಇದರಿಂದ ರೋಗ ಮರೆಯಾಗುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ. ಮೊದಲು ನೋಡಬೇಕಾದದ್ದು ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಗಾಳಿ ಎಳೆಯುವ ಪೈಪಿನ ಜೋಡಣೆ, ಧೂಳು ತುಂಬಿದ ಏರ್ ಕ್ಲೀನರ್. ನಾಜಲ್ ಪರೀಕ್ಷೆ ಬಳಿಕ.

ಎಣ್ಣೆಯ ಆಯ್ಕೆಯಲ್ಲೂ ಇದೇ ತಪ್ಪು. ಹೊಗೆ ಕಂಡೊಡನೆ ಇನ್ನಷ್ಟು ಮಂದವಾದ ಎಣ್ಣೆ ಸುರಿಯುತ್ತೇವೆ. 15ಡಬ್ಲ್ಯು-40 ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣವನ್ನೂ ಎರಡನೆಯದು ಕಾದಾಗಿನ ಮಂದತೆಯನ್ನೂ ಸೂಚಿಸುತ್ತದೆ. ಕೈಪಿಡಿ ಹೇಳಿದ ದರ್ಜೆಯೇ ಸಾಕು. ಸವೆದ ಪಿಸ್ಟನ್ ರಿಂಗನ್ನು ಯಾವ ಎಣ್ಣೆಯೂ ಗುಣಪಡಿಸದು.

ಇಳಿಸಿದ ಎಣ್ಣೆಯಲ್ಲಿ ಲೋಹದ ಕಣಗಳೂ ಮಸಿಯೂ ಇರುತ್ತವೆ. ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿದದ್ದು, ಅಂಗಳದಂಚಿಗೆ ಚೆಲ್ಲಿದ್ದು ಮಳೆಗಾಲದಲ್ಲಿ ಹಳ್ಳ ಸೇರುತ್ತದೆ. ಪದರವಾಗಿ ಹರಡಿ ನೀರಿಗೆ ಗಾಳಿ ಬೆರೆಯದಂತೆ ತಡೆಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇದನ್ನು ಪರವಾನಗಿ ಪಡೆದವರಿಗಷ್ಟೇ ಒಪ್ಪಿಸಬೇಕೆನ್ನುತ್ತವೆ. 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಕರಿಗೂ ಮರುಸಂಸ್ಕರಣೆಯ ಹೊಣೆ ಬಂದಿದೆ.

ಆ ಹೊಣೆ ಘಟ್ಟದ ಗ್ಯಾರೇಜಿನವರೆಗೂ ಹತ್ತಿ ಬರಬೇಕು. ಪ್ರತಿ ಗ್ರಾಮ ಪಂಚಾಯಿತಿಯೂ ಮುಚ್ಚಳವಿರುವ ಒಂದು ಪೀಪಾಯಿ ಇರಿಸಿ, ತುಂಬಿದಾಗ ಒಯ್ಯುವವರನ್ನು ಗೊತ್ತುಮಾಡಲಿ. ಅಲ್ಲಿಯವರೆಗೆ ಹಳೆಯ ಎಣ್ಣೆ ಕ್ಯಾನಿನಲ್ಲೇ ಇರಲಿ, ಹಳ್ಳಕ್ಕೆ ಬೇಡ.