ಪಶುವೈದ್ಯ ಪರಿಷತ್ತಿನಲ್ಲಿ ಸಾಕುವವರಿಗೂ ಸ್ಥಾನವಿರಲಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಪಶುವೈದ್ಯರಾಗಿದ್ದಾರೆ. ಈ ಬರಹ ಅವರಿಗೆ ತುಸು ಕಹಿಯೆನಿಸಬಹುದು. ಆದರೂ ಸಹನೆಯಿಂದ ಓದಬೇಕೆಂದು ಕೋರುತ್ತೇನೆ.

ನಮ್ಮ ದೇಶದಲ್ಲಿ ಪಶುವೈದ್ಯರ ಶಿಕ್ಷಣ, ನೋಂದಣಿ ಹಾಗೂ ವೃತ್ತಿಧರ್ಮಗಳಿಗೆ ಕಟ್ಟಳೆ ವಿಧಿಸುವುದು 1984ರ ಕಾಯಿದೆಯನ್ವಯ ರಚಿತವಾದ ಭಾರತೀಯ ಪಶುವೈದ್ಯ ಪರಿಷತ್ತು. ಅದರ ಸದಸ್ಯರು ಯಾರು? ರಾಜ್ಯಗಳ ಪಶುಪಾಲನಾ ನಿರ್ದೇಶಕರಲ್ಲಿ 5 ಮಂದಿ, ಪಶುವೈದ್ಯ ಶಿಕ್ಷಣ ಸಂಸ್ಥೆಗಳ ಮುಖ್ಯಸ್ಥರಲ್ಲಿ 4 ಮಂದಿ, ನೋಂದಾಯಿತ ವೈದ್ಯರು ತಮ್ಮೊಳಗಿಂದಲೇ ಚುನಾಯಿಸುವ 11 ಮಂದಿ; ಉಳಿದವರು ಸರ್ಕಾರ, ವೃತ್ತಿಸಂಘ ಮುಂತಾದವುಗಳ ಪ್ರತಿನಿಧಿಗಳು. ಹಸು ಸಾಕುವವರಿಗೆಂದೋ ಕುರಿ ಕಾಯುವವರಿಗೆಂದೋ ಮೀಸಲಾದ ಸ್ಥಾನ ಒಂದೂ ಇಲ್ಲ.

ಪಾಮರರಿಗೆ ವೈದ್ಯಶಾಸ್ತ್ರವೇನು ತಿಳಿದೀತು ಎಂಬ ಪ್ರಶ್ನೆ ಸಹಜ. 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದಾಗ ಅಧ್ಯಾಪಕರ ಕೊಠಡಿಯಲ್ಲಿಯೂ ಇಂಥದೇ ಮಾತು ಕೇಳಿಬಂದಿತ್ತು. ಆದರೆ ತಂದೆತಾಯಿಯರು ವ್ಯಾಕರಣ ತಿದ್ದಲು ಬರಲಿಲ್ಲ. ಮೇಷ್ಟರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ, ಮಕ್ಕಳಿಗೆ ಕುಡಿಯುವ ನೀರಿದೆಯೇ ಎಂದು ಕೇಳಿದರು. ಯಾರಾದರೂ ಕೇಳಲೇಬೇಕಾಗಿದ್ದ ಪ್ರಶ್ನೆಗಳವು. ಅಂತೆಯೇ ಪರಿಷತ್ತಿನಲ್ಲಿ ಕುಳಿತ ರೈತನು ಔಷಧದ ಪ್ರಮಾಣವನ್ನು ನಿರ್ಧರಿಸಬೇಕಿಲ್ಲ. ಚಿಕಿತ್ಸೆಯ ಖರ್ಚನ್ನು ಮೊದಲೇ ತಿಳಿಸಲಾಯಿತೇ, ದೂರಿಗೆ ಎಷ್ಟು ದಿನಗಳಲ್ಲಿ ಉತ್ತರ ದೊರೆಯಿತು, ಆ ಉತ್ತರ ಸಾಮಾನ್ಯನಿಗೆ ಅರ್ಥವಾಗುವಂತಿತ್ತೇ ಎಂದು ವಿಚಾರಿಸಿದರೆ ಸಾಕು.

ಇದು ಹಿಂದೆಂದೂ ಕೇಳರಿಯದ ಬೇಡಿಕೆಯೇನಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಸಂಸ್ಥೆಯ ಆಡಳಿತ ಮಂಡಳಿಗೆ 2018ರಲ್ಲಿ ರೂಪಿಸಿದ ಸುಧಾರಣೆಯಂತೆ, 24 ಸ್ಥಾನಗಳ ಪೈಕಿ 6 ವೃತ್ತಿಗೆ ಸೇರದ ಸಾರ್ವಜನಿಕರವು. ಚುನಾಯಿತ ಪಶುವೈದ್ಯರದು 13. ಆದ್ದರಿಂದ ಬಹುಮತವೇನೂ ವೈದ್ಯರ ಕೈತಪ್ಪಲಿಲ್ಲ. ಮನುಷ್ಯರ ವೈದ್ಯಕ್ಕೆ ಸಂಬಂಧಿಸಿದ ನಮ್ಮದೇ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯೂ, ಕೆಲವು ಸದಸ್ಯರನ್ನು ಆರಿಸಬಹುದಾದ ಕ್ಷೇತ್ರಗಳಲ್ಲಿ ರೋಗಿಗಳ ಹಕ್ಕುಗಳ ಪ್ರತಿಪಾದನೆಯನ್ನು ಹೆಸರಿಸಿದೆ.

ಮನುಷ್ಯನು ತನ್ನ ನೋವನ್ನು ತಾನೇ ಹೇಳಿಕೊಳ್ಳಬಲ್ಲ. ಮೂಕಪ್ರಾಣಿಗೆ ಸಾಕಿದವರೇ ಬಾಯಿ. ಕರೆಯುವ ಹಸುವೊಂದು ಸತ್ತರೆ ಹಾಲಿನ ಬಟವಾಡೆಯನ್ನೇ ನೆಚ್ಚಿದ ಸಂಸಾರದ ಆಧಾರವೇ ಕುಸಿಯುತ್ತದೆ. ಅಂಥವರ ದೂರನ್ನು ವೃತ್ತಿಯವರೂ ಅಧಿಕಾರಿಗಳೂ ತಮ್ಮತಮ್ಮಲ್ಲೇ ವಿಚಾರಿಸಿ ಮುಗಿಸಿದರೆ, ತೀರ್ಮಾನವು ನ್ಯಾಯವಾದುದೇ ಆಗಿದ್ದರೂ ನಂಬುವವರಾರು? ತಪ್ಪಿಲ್ಲದ ವೈದ್ಯನ ಮೇಲಿನ ಅಪವಾದ ಪೂರ್ತಿಯಾಗಿ ತೊಳೆದುಹೋಗಬೇಕಾದರೂ ಹೊರಗಿನವರ ಸಾಕ್ಷಿ ಬೇಕು.

ಕಾಯಿದೆಯ ತಿದ್ದುಪಡಿ ಸಂಸತ್ತಿನ ಕೆಲಸ, ನಿಜ. ಆದರೆ ಈ ಬೇಡಿಕೆಯನ್ನು ಪಶುವೈದ್ಯರೇ ಮುಂದಿಟ್ಟರೆ ಅದಕ್ಕೆ ಬರುವ ತೂಕವೇ ಬೇರೆ. ನನ್ನ ವಿದ್ಯಾರ್ಥಿಗಳಿಂದ ಅಷ್ಟನ್ನು ನಿರೀಕ್ಷಿಸುತ್ತೇನೆ.