ಹಳೆಯ ಕಾರಿನ ಕುಲುಕಾಟ

ಮನೆಗೆ ಹೊಸ ಗಾಡಿ ಬಂದ ಮೇಲೆ ಹಳೆಯ ಮಾರುತಿ 800 ಕಾಲೇಜಿಗೆ ಹೋಗುವ ಮಗನದೋ ಮಗಳದೋ ಪಾಲಾಗುವುದು ನಮ್ಮಲ್ಲಿ ವಾಡಿಕೆ. 1983ರಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅಂದರೆ ಇಂದು ಓಡಾಡುತ್ತಿರುವ 800ಗಳಲ್ಲಿ ಅತಿ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಮಕ್ಕಳ ಕೈಗೆ ಕೀಲಿ ಕೊಡುವ ಮುಂಚೆ ಅಪ್ಪಂದಿರು ಇಂಜಿನ್ ಆಯಿಲ್, ಬ್ರೇಕ್, ಬ್ಯಾಟರಿ ಎಲ್ಲವನ್ನೂ ನೋಡಿಸುತ್ತಾರೆ. ಸಸ್ಪೆನ್ಷನ್ ಮಾತು ಬಂದಾಗ ಮಾತ್ರ ‘ಹಳೇ ಗಾಡಿ, ಸ್ವಲ್ಪ ಕುಲುಕುತ್ತೆ ಬಿಡು’ ಎಂದು ಸುಮ್ಮನಾಗುತ್ತಾರೆ. ಬರೀ ಬೆನ್ನುನೋವಿನ ವಿಷಯವಾಗಿದ್ದರೆ ಬಿಡಬಹುದಿತ್ತು. ಆದರೆ ಇದು ಬ್ರೇಕಿನ ವಿಷಯ.

ವಿಜ್ಞಾನದ ವಿದ್ಯಾರ್ಥಿಗಳು ಪಿಯುಸಿ ಪಠ್ಯವನ್ನು ನೆನಪಿಸಿಕೊಳ್ಳಲಿ. ಸ್ಪ್ರಿಂಗ್ ಮೇಲೆ ಬಲ ಹೆಚ್ಚಿದಷ್ಟೂ ಅದು ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ರಸ್ತೆಯ ಗುಂಡಿಯ ಹೊಡೆತವನ್ನು ನುಂಗುವುದು ಈ ಸ್ಪ್ರಿಂಗೇ. ಆದರೆ ನುಂಗಿದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ, ವಾಪಸು ಕೊಡುತ್ತದೆ. ಕಾರು ಉಯ್ಯಾಲೆಯಂತೆ ಆಡತೊಡಗುತ್ತದೆ. ಆ ಉಯ್ಯಾಲೆಯನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. (ಹೆಸರೇ ತಪ್ಪು ಅನ್ನಬೇಕು.) ಅದರೊಳಗಿನ ಎಣ್ಣೆ ಸಣ್ಣ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಕುಲುಕಾಟದ ಶಕ್ತಿ ಶಾಖವಾಗಿ ಕರಗುತ್ತದೆ. ಎಣ್ಣೆ ಸೋರಿಹೋದರೆ, ಒಳಗಿನ ವಾಲ್ವ್ ಸವೆದರೆ ಚಕ್ರ ಕುಣಿಯುತ್ತಲೇ ಇರುತ್ತದೆ. ಹಾಗೆ ಮೇಲೆದ್ದ ಕ್ಷಣದಲ್ಲಿ ಟೈರು ರಸ್ತೆಯನ್ನು ಗಟ್ಟಿಯಾಗಿ ಕಚ್ಚಿರುವುದಿಲ್ಲ. ಬ್ರೇಕ್ ಎಷ್ಟೇ ಹೊಸದಿರಲಿ, ಅದು ಕಾರನ್ನು ನಿಲ್ಲಿಸುವುದು ಟೈರಿನ ಮೂಲಕವೇ ತಾನೆ? ಮಳೆಯಲ್ಲಿ, ಹರಕು ರಸ್ತೆಯಲ್ಲಿ, ತಿರುವಿನಲ್ಲಿ ಇದು ದುಬಾರಿಯಾಗುತ್ತದೆ. ಸವೆತ ನಿಧಾನವಾದ್ದರಿಂದ ದಿನವೂ ಓಡಿಸುವವರಿಗೆ ಗೊತ್ತೇ ಆಗದು.

ಮನೆಯ ಅಂಗಳದಲ್ಲೇ ಅರ್ಧ ತಪಾಸಣೆ ಮುಗಿಸಬಹುದು. ಮೊದಲು ನಾಲ್ಕೂ ಟೈರುಗಳ ಗಾಳಿ ಸರಿಮಾಡಿಸಿ, ಸಮತಟ್ಟಾದ ಕಡೆ ಕಾರು ನಿಲ್ಲಿಸಿ. ಒಂದು ಮೂಲೆಯನ್ನು ಎರಡೂ ಕೈಯಿಂದ ಬಲವಾಗಿ ಅದುಮಿ ಬಿಡಿ. ಒಮ್ಮೆ ಮೇಲೆದ್ದು ಹಾಗೇ ಕುಳಿತರೆ ಸರಿ. ಎರಡು ಮೂರು ಸಲ ಕುಣಿದರೆ ಆ ಮೂಲೆಯ ಶಾಕ್ ಅಬ್ಸಾರ್ಬರ್ ಕೆಲಸ ಬಿಟ್ಟಿದೆ. ಕುಣಿಯಲಿಲ್ಲವೆಂದು ಪೂರ್ತಿ ನಂಬುವಂತಿಲ್ಲ, ಅರ್ಧ ಸವೆದದ್ದು ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಟಾರ್ಚ್ ಹಿಡಿದು ಅದರ ಮೈಮೇಲೆ ಎಣ್ಣೆಯ ಜಿಡ್ಡು, ಅದಕ್ಕೆ ಮೆತ್ತಿದ ಧೂಳು ಇದೆಯೇ ನೋಡಿ. ಟೈರಿನ ಮೇಲೆ ಅಂಗೈ ಸವರಿ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಸಿಕ್ಕರೆ ಅದೂ ಒಂದು ಸುಳಿವು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿದು ಎಡಬಲಗಳನ್ನು ಅಳೆಯಿರಿ. ಒಂದು ಕಡೆ ತಗ್ಗಿದ್ದರೆ ಸ್ಪ್ರಿಂಗ್ ಕುಸಿದಿರಬಹುದು, ತುಂಡಾಗಿರಲೂಬಹುದು.

ಉಳಿದರ್ಧ ಮೆಕ್ಯಾನಿಕ್ಕಿಗೆ ಬಿಡಿ, ಆದರೆ ಪಕ್ಕದಲ್ಲೇ ನಿಂತು ನೋಡಿ. ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಟ ಕಂಡರೆ ವೀಲ್ ಬೇರಿಂಗ್ ಅಥವಾ ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಸವೆದಿದೆ. ಇದನ್ನು ನಾಳೆಗೆ ಮುಂದೂಡುವಂತಿಲ್ಲ. ಬಾಲ್ ಜಾಯಿಂಟ್ ಕಳಚಿದರೆ ಓಡುವ ಕಾರಿನ ಚಕ್ರ ಮಡಚಿಕೊಳ್ಳುತ್ತದೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಯಾರೂ ತಲೆ ತೂರಿಸಬಾರದು. ಗಟ್ಟಿ ಸ್ಟ್ಯಾಂಡ್ ಇರಲೇಬೇಕು.

ಇನ್ನು ‘ಅಪ್‌ಗ್ರೇಡ್’. ಮಗನ ಮನಸ್ಸಿನಲ್ಲಿರುವುದು ಬಹುಶಃ ಕಾರನ್ನು ತಗ್ಗಿಸುವ ಯೋಚನೆ. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರಾಯಿತು ಎಂದು ಗೆಳೆಯರು ಹೇಳಿರುತ್ತಾರೆ. ಕೆಲಸ ಮಾಡುವ ಸುತ್ತುಗಳು ಆರಿದ್ದು ಐದಾದರೆ ಸ್ಪ್ರಿಂಗ್ ಶೇ. 20ರಷ್ಟು ಬಿರುಸಾಗುತ್ತದೆ, ಮೇಲೆ ಕೆಳಗೆ ಚಲಿಸಲು ಜಾಗವೂ ಕಡಿಮೆ. ಹಳೆಯ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿಯಲಾರದು. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವ ಭರವಸೆಯೂ ಇಲ್ಲ. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿ ಕಾರನ್ನು ಎತ್ತರಿಸುವುದೂ ನನಗೆ ಒಪ್ಪಿಗೆಯಿಲ್ಲ; ಭಾರವೆಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. 15 ವರ್ಷದ ನಂತರ ನೋಂದಣಿ ನವೀಕರಣಕ್ಕೆ ಹೋದಾಗ ಇಂಥ ಕಸರತ್ತಿಗೆ ಉತ್ತರ ಹೇಳಬೇಕಾದವರು ಮಾಲೀಕರಾದ ಅಪ್ಪ.

ದುಡ್ಡು ಇರುವಷ್ಟರಲ್ಲಿ ಮೊದಲು ಒಳ್ಳೆಯ ಟೈರು ಮತ್ತು ಹೊಸ ರಬ್ಬರ್ ಬುಷ್. ಬಿರುಕುಬಿಟ್ಟ ಬುಷ್ ಬದಲಿಸಿದರೇ ಅರ್ಧ ‘ಕಟ ಕಟ’ ಮಾಯವಾಗುತ್ತದೆ. ಆಮೇಲೆ ಶಾಕ್ ಅಬ್ಸಾರ್ಬರ್: ಒಂದೇ ಕೆಟ್ಟಿದ್ದರೂ ಮುಂದಿನ ಜೋಡಿ ಅಥವಾ ಹಿಂದಿನ ಜೋಡಿಯನ್ನು ಒಟ್ಟಿಗೇ ಹಾಕಿಸಿ. ನಿಮ್ಮ ಮಾದರಿಗೇ ತಯಾರಾದ ಗ್ಯಾಸ್ ತುಂಬಿದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒತ್ತಡದಲ್ಲಿರುವ ನೈಟ್ರೋಜನ್ ಅನಿಲ ಎಣ್ಣೆ ನೊರೆಯಾಗದಂತೆ ತಡೆಯುತ್ತದೆ. ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಅದುಮಿಟ್ಟ ಸ್ಥಿತಿಯಲ್ಲಿರುತ್ತದೆ. ಅದನ್ನು ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಮನೆಯಲ್ಲಿ ಸ್ಪ್ಯಾನರ್ ಹಿಡಿದು ಕೂರುವ ಕೆಲಸ ಅದಲ್ಲ. ಬುಷ್‌ಗಳ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಕಾರು ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಎಂದು ಮೆಕ್ಯಾನಿಕ್ಕಿಗೆ ನೆನಪಿಸಿ. ಚಕ್ರ ತೂಗಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಅಲ್ಲಿಂದ ಸೀದಾ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋಗಿ.