ಗೀರು ಬಿದ್ದದ್ದು ಕಾರಿಗೆ, ಕೀ ಕಿತ್ಕೊಂಡದ್ದು ಮಗಳ ಕೈಯಿಂದ

ಬಂಡಳ್ಳಿಯ ನಮ್ಮ ಮನೆ ಮುಂದೆ ಒಂದು ಕಲ್ಲುಕಂಬ ಇದೆ. ಕಾರು ರಿವರ್ಸ್ ತೆಗೆಯುವಾಗ ಅದಕ್ಕೆ ತಾಗಿಸಿಬಿಟ್ಟೆ. ಹಿಂದಿನ ಬಂಪರಿನ ಮೂಲೆ ಒಳಕ್ಕೆ ಹೋಯ್ತು, ಪಕ್ಕದ ತಗಡಿಗೆ ಗೇಣುದ್ದ ಗೀರು. ಅಪ್ಪ ಬಂದು ನೋಡಿದರು. "ಇನ್ಮೇಲೆ ಗಾಡಿ ಮುಟ್ಬ್ಯಾಡ ಕನವ್ವ" ಅಂದು ಕೀ ಇಸ್ಕೊಂಡರು. ಅದೇ ಕಂಬಕ್ಕೆ ಅಣ್ಣ ಬೈಕ್ ಗುದ್ದಿದಾಗ ಬೈದಿದ್ದರು ಅಷ್ಟೇ, ಕೀ ಅವನ ಹತ್ರವೇ ಇತ್ತು.

ನನ್ನ ತಕರಾರು ನಮ್ಮಪ್ಪನ ಮೇಲೆ ಮಾತ್ರ ಅಲ್ಲ, ಊರಿನ ಎಲ್ಲ ಅಪ್ಪಂದಿರ ಮೇಲೆ. ಪಂಪ್‌ಸೆಟ್ ಸ್ಟಾರ್ಟರ್ ಕೆಟ್ಟರೆ ಕತ್ತಲಲ್ಲೇ ಬಿಚ್ಚಿ ಕೂರುವವರು ನೀವು. ನಾವು ಟಾರ್ಚ್ ಹಿಡಿದು ನಿಂತು ಕಲಿತವರು. ಕಾರು ಅಂದ ಕೂಡಲೇ ಅದು ಯಾಕೆ ದೇವರ ಪೆಟ್ಟಿಗೆ ಆಗುತ್ತೆ? ಗೀರು ಬಿದ್ದರೆ ಮಾನ ಹೋದಂಗೆ ಆಡ್ತೀರಿ, ಪೇಟೆಗೆ ಓಡ್ತೀರಿ. ಅಲ್ಲಿ "ಪೂರ್ತಿ ಪೇಂಟ್ ಹೊಡೀಬೇಕು" ಅಂದರೆ ತಲೆಯಾಡಿಸ್ತೀರಿ. ನಾಳೆ ಗಾಡಿ ಮಾರಲು ಹೋದಾಗ ಅದೇ ಹೊಸ ಬಣ್ಣ ಕಂಡು ಕೊಳ್ಳುವವನು ಆಕ್ಸಿಡೆಂಟ್ ಗಾಡಿನಾ ಅಂತ ಕೇಳ್ತಾನೆ.

ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ಬರೀ ಥರ್ಡ್ ಪಾರ್ಟಿ ಮಾಡಿಸಿದ್ದರೆ ನಿಮ್ಮ ಗಾಡಿಯ ಗೀರಿಗೆ ಒಂದು ರೂಪಾಯಿಯೂ ಬರಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ ಲೆಕ್ಕ ಹಾಕಿ. ಕ್ಲೇಮ್ ಮಾಡದೆ ಒಂದು ವರ್ಷ ಕಳೆದರೆ ನಿಮ್ಮ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಐದು ವರ್ಷ ಕಳೆದರೆ ಶೇ. 50. ಒಂದು ಚಿಕ್ಕ ಗೀರಿಗೆ ಕ್ಲೇಮ್ ಮಾಡಿದರೆ ಅದು ಸಾಮಾನ್ಯವಾಗಿ ಸೊನ್ನೆಗೆ ಬರುತ್ತೆ.

ಕೊನೆಗೆ ನಾನೇ ಹಟ ಹಿಡಿದು ಅಪ್ಪನನ್ನು ಅಂಗಳಕ್ಕೆ ಕರೆದೆ. ಬಂಪರ್ ಪ್ಲಾಸ್ಟಿಕ್. ಕುದಿಯುವ ನೀರು ಸುರಿದರೆ ಮೆತ್ತಗಾಗುತ್ತೆ. ನಾನು ಸುರಿದೆ, ಅಪ್ಪ ದಪ್ಪ ಕೈಗವಸು ಹಾಕಿಕೊಂಡು ಒಳಗಿನಿಂದ ಒತ್ತಿದರು. ಮೂರನೇ ಸಲಕ್ಕೆ ಟಪ್ ಅಂತ ಹೊರಗೆ ಬಂತು. ತಗಡು ನೆಗ್ಗಿದರೆ ಈ ಉಪಾಯ ನಡೆಯಲ್ಲ, ಬಡಿದು ಇನ್ನೂ ಕೆಡಿಸಬೇಡಿ.

ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲಿನ ಪದರ ಮಾತ್ರ ಹೋಗಿದೆ ಅಂತ. ಮೆತ್ತನೆ ಬಟ್ಟೆಯಲ್ಲಿ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಸಾಕು. ಪಾತ್ರೆ ತಿಕ್ಕುವ ನಾರು ಮಾತ್ರ ತರಬೇಡಿ! ನಮ್ಮದರಲ್ಲಿ ತಗಡು ಕಾಣ್ತಿತ್ತು. ಹಾಗೇ ಬಿಟ್ಟರೆ ಮಳೆಗಾಲಕ್ಕೆ ತುಕ್ಕು. ತೊಳೆದು ಒಣಗಿಸಿ, ವಾಟರ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ, ಪ್ರೈಮರ್ ಹಚ್ಚಿದೆವು. ಅದು ಒಣಗಿದ ಮೇಲೆ ಟಚ್‌ಅಪ್ ಬಣ್ಣ, ಒಂದೇ ಸಲ ದಪ್ಪಗೆ ಅಲ್ಲ, ತೆಳ್ಳಗೆ ಎರಡು ಮೂರು ಸಲ. ಕೊನೆಗೆ ಕ್ಲಿಯರ್ ಕೋಟ್. ಬಣ್ಣದ ಕೋಡ್ ಗಾಡಿಯ ಮೇಲೇ ಒಂದು ಪಟ್ಟಿಯಲ್ಲಿ ಇರುತ್ತೆ, ಅದನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಹತ್ತಿರದಿಂದ ನೋಡಿದರೆ ಗುರುತು ಕಾಣುತ್ತೆ. ಕಾಣಲಿ ಬಿಡಿ.

ಗ್ಯಾರೇಜಿನವರ ಹೊಟ್ಟೆ ಮೇಲೆ ಹೊಡೀತಿದ್ದೀಯ ಅಂತ ಒಬ್ಬ ಮಾವ ಅಂದರು. ಇಲ್ಲ ಮಾವ. ಬ್ರೇಕ್, ಸ್ಟೇರಿಂಗ್, ಏರ್‌ಬ್ಯಾಗ್, ಕೆಳಗೆ ಎಣ್ಣೆ ತೊಟ್ಟಿಕ್ಕೋದು, ಇವೆಲ್ಲ ಅವರ ಕೆಲಸವೇ. ಯಾರಿಗಾದರೂ ಪೆಟ್ಟಾಗಿದ್ದರಂತೂ ಪೊಲೀಸರು ನೋಡುವ ತನಕ ಗಾಡಿಗೆ ಕೈ ಹಚ್ಚಲೇಬಾರದು.

ಆದರೆ ಕೀ ಕಿತ್ಕೊಂಡರೆ ಏನಾಗುತ್ತೆ ಗೊತ್ತಾ? ಮುಂದಿನ ಸಲ ಮಕ್ಕಳು ಹೇಳೋದೇ ಇಲ್ಲ. ರೇಡಿಯೇಟರ್‌ಗೆ ಏಟು ಬಿದ್ದು ನೀರು ಸೋರ್ತಿದ್ದರೂ ಗಾಡಿಯನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸ್ತಾರೆ. ನಿಮಗೆ ಗೊತ್ತಾಗೋದು ಮಲೆ ಮಹದೇಶ್ವರ ಬೆಟ್ಟದ ತಿರುವಿನಲ್ಲಿ ಇಂಜಿನ್ ಕಾದು ನಿಂತಾಗ. ಹೆಣ್ಣುಮಕ್ಕಳಾದರೆ ಲೈಸೆನ್ಸ್ ಬೀರುವಿಗೆ ಸೇರುತ್ತೆ, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮನೇಲಿ ಗಾಡಿ ಇದ್ದೂ ಪಕ್ಕದ ಮನೆಯವರನ್ನು ಎಬ್ಬಿಸಬೇಕು. ತಾಗಿಸಿದವರ ಕೈಗೇ ವಾಟರ್ ಪೇಪರ್ ಕೊಡಿ, ಜೊತೆಗೆ ನೀವೂ ಕೂತ್ಕೊಳ್ಳಿ.

ಅವತ್ತು ಸಂಜೆ ಅಪ್ಪ ಏನೂ ಮಾತಾಡದೆ ಕೀ ಕೊಟ್ಟರು. ಆಮೇಲೆ ಇಬ್ಬರೂ ಸೇರಿ ಆ ಕಲ್ಲುಕಂಬಕ್ಕೆ ಸುಣ್ಣ ಬಳಿದೆವು, ಕತ್ತಲಲ್ಲೂ ಕಾಣಲಿ ಅಂತ.